ಚೀತಾ ಹಾರುವುದು ಬಿಡಿಭಾಗಗಳ ಬಲದಲ್ಲಿ

ಸಿಯಾಚಿನ್ ಎಂದ ಕೂಡಲೇ ಬಿಳಿ ಮೇಲಂಗಿಯ ಯೋಧರು, ಹಿಮದ ಬಿರುಕು, ಮೈನಸ್ ಐವತ್ತು ಡಿಗ್ರಿ ಚಳಿ ನೆನಪಾಗುತ್ತವೆ. ಅಲ್ಲಿಂದ ಬರುವ ಫೋಟೊಗಳಲ್ಲಿ ಆಗಾಗ ಪುಟ್ಟದೊಂದು ಹೆಲಿಕಾಪ್ಟರ್ ಕಾಣುತ್ತದೆ. ಮುಂದೆ ಪಾರದರ್ಶಕ ಗುಳ್ಳೆಯಂಥ ಚಾಲಕರ ಕೋಣೆ, ನಡುವೆ ಹೊದಿಕೆಯೇ ಇಲ್ಲದ ಎಂಜಿನ್ನು, ಹಿಂದೆ ಕೊಳವೆಗಳನ್ನು ಬೆಸೆದು ಮಾಡಿದ ಬೋಳು ಬಾಲ. ಕಟ್ಟುವ ಕೆಲಸವನ್ನು ಅರ್ಧಕ್ಕೇ ಬಿಟ್ಟರೇನೋ ಅನ್ನಿಸುವಂಥ ರೂಪ. ಅದೇ ಚೀತಾ. ಭಾರತೀಯ ಸೇನೆ ಮತ್ತು ವಾಯುಪಡೆಯ ವೀಕ್ಷಣಾ ಹೆಲಿಕಾಪ್ಟರ್. ತಯಾರಾದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಇದರ ವಿನ್ಯಾಸ 1960ರ ದಶಕದ್ದು. ಒಡಲಿನ ಮೂಲ ಇನ್ನೂ ಹಿಂದೆ, 1955ರವರೆಗೆ ಹೋಗುತ್ತದೆ. ಆ ಕಾಲದ ಕಾರನ್ನು ಇವತ್ತು ರಸ್ತೆಗಿಳಿಸಿದರೆ ಜನ ನಿಂತು ನೋಡುತ್ತಾರೆ. ಚೀತಾ ಮಾತ್ರ ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ದಿನಾ ಡ್ಯೂಟಿ ಮಾಡುತ್ತಿದೆ. ಇದರಲ್ಲಿ ಪೈಲಟ್‌ಗಳ ಎದೆಗಾರಿಕೆ ಇದೆ, ಸರಿ. ಆ ಬಗ್ಗೆ ಸಿನಿಮಾ ಬಂದಿದೆ, ಭಾಷಣಗಳಾಗಿವೆ. ಹೆಲಿಕಾಪ್ಟರನ್ನು ಹಾರಲು ಯೋಗ್ಯವಾಗಿ ಇಡುವ ಬಿಡಿಭಾಗಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಚೀತಾದ ಕಥೆ ಹೇಳಬೇಕೆಂದರೆ ಅಲ್ಲಿಂದಲೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಸ್ವಲ್ಪ ಹಿನ್ನೆಲೆ. ಫಿರಂಗಿ ಹಾರಿಸುವವನಿಗೆ ಗುಡ್ಡದ ಆಚೆ ಗುಂಡು ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ಯಾರಾದರೂ ಮೇಲಿನಿಂದ ನೋಡಿ, ಇನ್ನೂರು ಗಜ ಎಡಕ್ಕೆ, ಐವತ್ತು ಗಜ ಮುಂದಕ್ಕೆ ಎಂದು ಹೇಳಬೇಕು. ಮೊದಲು ಬಲೂನಿನಲ್ಲಿ ಕೂತು ಹೇಳುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಆಸ್ಟರ್‌ನಂಥ ಸಣ್ಣ ವಿಮಾನಗಳು ಬಂದವು. ಫಿರಂಗಿದಳದ ಅಧಿಕಾರಿಗಳೇ ಅವನ್ನು ಹಾರಿಸುತ್ತಿದ್ದರು. ಏರ್ ಆಬ್ಸರ್ವೇಷನ್ ಪೋಸ್ಟ್, ಅಂದರೆ ಸೈನಿಕರ ಬಾಯಲ್ಲಿ ಏರ್ ಒಪಿ, ಹುಟ್ಟಿದ್ದು ಹೀಗೆ. ಭಾರತದಲ್ಲಿ ಈ ಪರಂಪರೆಯೇ ಬೆಳೆದು 1986ರ ನವೆಂಬರ್ 1ರಂದು ಆರ್ಮಿ ಏವಿಯೇಷನ್ ಕೋರ್ ಆಯಿತು. ಅಷ್ಟರಲ್ಲಿ ಸಣ್ಣ ವಿಮಾನದ ಜಾಗಕ್ಕೆ ಹೆಲಿಕಾಪ್ಟರ್ ಬಂದು ಕೂತಿತ್ತು. ರನ್‌ವೇ ಬೇಡ, ಕಣಿವೆಯಲ್ಲಿ ನಿಧಾನವಾಗಿ ತೂರಬಹುದು, ಗಾಯಾಳು ಸಿಕ್ಕರೆ ಎತ್ತಿಕೊಂಡೂ ಬರಬಹುದು.

ಎಚ್‌ಎಎಲ್ 1962ರಲ್ಲೇ ಫ್ರಾನ್ಸಿನ ಅಲುಯೆಟ್-3 ಹೆಲಿಕಾಪ್ಟರಿಗೆ ಲೈಸೆನ್ಸ್ ಪಡೆದಿತ್ತು. ಅದೇ ಚೇತಕ್. 1965ರಿಂದ ಸೇನಾಪಡೆಗಳಿಗೆ ಸಿಗತೊಡಗಿತು. ಆದರೆ ಹಿಮಾಲಯದ ಎತ್ತರಕ್ಕೆ ಅದರ ಮೈ ಭಾರವಾಯಿತು. ಇನ್ನೂ ಹಗುರವಾದ, ಇನ್ನೂ ಮೇಲೇರುವ ಹೆಲಿಕಾಪ್ಟರ್ ಬೇಕೆಂದು ಭಾರತ ಕೇಳಿತು. ಅಲುಯೆಟ್ ತಯಾರಿಸುತ್ತಿದ್ದ ಸುಡ್ ಏವಿಯೇಷನ್ ಕಂಪನಿಯ ಎಂಜಿನಿಯರುಗಳು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಹಳೆಯ, ಹಗುರವಾದ ಅಲುಯೆಟ್-2ರ ಒಡಲಿಗೆ ಅಲುಯೆಟ್-3ರ ಎಂಜಿನ್ನು, ಗೇರ್‌ಬಾಕ್ಸು, ರೋಟರುಗಳನ್ನು ಜೋಡಿಸಿದರು. ಲೂನಾದ ಚೌಕಟ್ಟಿಗೆ ಬುಲೆಟ್ ಎಂಜಿನ್ ಕೂರಿಸಿದ ಹಾಗೆ. 1969ರ ಮಾರ್ಚ್ 17ರಂದು ಅದು ಮೊದಲ ಬಾರಿ ಹಾರಿತು. ಫ್ರೆಂಚರು ಇಟ್ಟ ಹೆಸರು ಲಾಮಾ. ಅದೇ ವರ್ಷ ಹಿಮಾಲಯದ ಪ್ರದರ್ಶನ ಹಾರಾಟದಲ್ಲಿ ಇಬ್ಬರನ್ನು ಕೂರಿಸಿಕೊಂಡು 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಏರಿತು. 1970ರಲ್ಲಿ ಎಚ್‌ಎಎಲ್ ಒಪ್ಪಂದ ಮಾಡಿಕೊಂಡಿತು. ಲಾಮಾ ಚೀತಾ ಆಯಿತು.

1972ರ ಜೂನ್ 21ರಂದು ಜಾನ್ ಬೂಲೆ ಎಂಬ ಫ್ರೆಂಚ್ ಪೈಲಟ್ ಬೇಡದ್ದನ್ನೆಲ್ಲ ಕಿತ್ತು ಹಗುರ ಮಾಡಿದ ಲಾಮಾವನ್ನು 12,442 ಮೀಟರಿಗೆ ಏರಿಸಿದ. ದೊಡ್ಡ ಪ್ರಯಾಣಿಕ ವಿಮಾನಗಳು ಹಾರುವ ಎತ್ತರವದು. ಮೇಲೆ ಹೊರಗಿನ ತಾಪಮಾನ ಮೈನಸ್ 63 ಡಿಗ್ರಿ. ಇಳಿಯಲು ಶಕ್ತಿ ತಗ್ಗಿಸಿದ್ದೇ ತಡ, ಎಂಜಿನ್ ಆರಿಹೋಯಿತು. ಮತ್ತೆ ಹೊತ್ತಿಕೊಳ್ಳಲಿಲ್ಲ. ಗಾಳಿಯ ಒತ್ತಡಕ್ಕೆ ರೋಟರ್ ತಾನಾಗಿ ತಿರುಗುವ ಬಲದಲ್ಲೇ, ಎಂಜಿನ್ ಇಲ್ಲದೆ, ಅಷ್ಟೂ ಎತ್ತರದಿಂದ ಬೂಲೆ ನೆಲಕ್ಕೆ ಇಳಿದ. ಎತ್ತರದ ದಾಖಲೆ ಹೇಗೂ ಆಯಿತು. ಎಂಜಿನ್ ಇಲ್ಲದೆ ಅತಿ ಎತ್ತರದಿಂದ ಇಳಿದ ದಾಖಲೆಯೂ ಜೊತೆಗೆ ಸೇರಿತು.

ಇಷ್ಟು ಎತ್ತರಕ್ಕೆ ಏರುವ ಗುಟ್ಟು ಆರ್ಟೂಸ್ಟ್ ಎಂಜಿನ್ನಿನಲ್ಲಿದೆ. ಅದರ ನಿಜವಾದ ಶಕ್ತಿ 870 ಅಶ್ವಶಕ್ತಿ. ಗೇರ್‌ಬಾಕ್ಸಿಗೆ ಪೆಟ್ಟಾಗಬಾರದೆಂದು ಬಳಸಲು ಬಿಡುವುದು 550 ಮಾತ್ರ. ಇಪ್ಪತ್ತು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೂ ಕಡಿಮೆ. ಅಲ್ಲಿ ಎಂಜಿನ್ನಿಗೂ ಉಸಿರಿಲ್ಲ, ರೋಟರಿಗೂ ಹಿಡಿತವಿಲ್ಲ. ಕೆಳಗೆ ಮುಟ್ಟದೆ ಇಟ್ಟ ಶಕ್ತಿ ಅಲ್ಲಿ ಕೈಹಿಡಿಯುತ್ತದೆ. ಹಾಗಿದ್ದೂ ತೀರಾ ಎತ್ತರದ ಕೆಲವು ಠಾಣೆಗಳಿಗೆ ಚೀತಾ ಒಂದು ಸರದಿಗೆ ಹೊರುವುದು ಹೆಚ್ಚುಕಡಿಮೆ ಒಂದು ಜೆರಿಕ್ಯಾನ್ ಸೀಮೆಎಣ್ಣೆಯಷ್ಟು ಭಾರವನ್ನು. ಇರುವುದು ಒಂದೇ ಎಂಜಿನ್. ಅದು ನಿಂತರೆ ಕೆಳಗೆ ಇಳಿಯಲು ಸಮತಟ್ಟು ಜಾಗವಿಲ್ಲ. ಆದ್ದರಿಂದ ಹಿಮನದಿಯ ಮೇಲೆ ಚೀತಾಗಳು ಸಾಮಾನ್ಯವಾಗಿ ಜೋಡಿಯಾಗಿ ಹೋಗುತ್ತವೆ. ಠಾಣೆಯಲ್ಲಿ ಇಳಿದಾಗಲೂ ಎಂಜಿನ್ ಆರಿಸುವುದಿಲ್ಲ. ರೋಟರ್ ತಿರುಗುತ್ತಿರುವಾಗಲೇ ಸಾಮಾನು ಇಳಿಸಿ, ಕಾಯಿಲೆಯಾದವರನ್ನು ಹತ್ತಿಸಿಕೊಂಡು ಹೊರಡಬೇಕು.

ಈಗ ಬಿಡಿಭಾಗಕ್ಕೆ ಬರೋಣ.

ಹೆಲಿಕಾಪ್ಟರಿನಲ್ಲಿ ಕೆಟ್ಟ ಮೇಲೆ ಬದಲಿಸುವ ಭಾಗಗಳಿವೆ: ಬಲ್ಬು, ಮೀಟರು, ಸೀಟಿನ ಬೆಲ್ಟು. ಕೆಡುವ ಮುಂಚೆಯೇ ಬದಲಿಸಬೇಕಾದ ಭಾಗಗಳೂ ಇವೆ, ಪ್ರಾಣ ಇರುವುದು ಅವುಗಳಲ್ಲಿ. ಚೀತಾದ ಎಂಜಿನ್ ನಿಮಿಷಕ್ಕೆ 33 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಗೇರುಗಳು ಅದನ್ನು ಇಳಿಸಿ ಇಳಿಸಿ ರೋಟರಿಗೆ 350ರ ಆಸುಪಾಸಿನ ಸುತ್ತು ಕೊಡುತ್ತವೆ. ಮುಂದಕ್ಕೆ ಹಾರುವಾಗ ಪ್ರತಿ ಸುತ್ತಿನಲ್ಲೂ ಬ್ಲೇಡು ಒಮ್ಮೆ ಮೇಲಕ್ಕೆ ಬಾಗುತ್ತದೆ, ಒಮ್ಮೆ ಕೆಳಕ್ಕೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 21 ಸಾವಿರ ಸಲ. ಐನೂರು ಗಂಟೆ ಹಾರಿದರೆ ಒಂದು ಕೋಟಿ ದಾಟಿತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಒಂದು ಹಂತದಲ್ಲಿ ಪಟ್ ಎಂದು ತುಂಡಾಗುತ್ತದಲ್ಲ, ಲೋಹದ ಆ ದಣಿವಿಗೆ ಹೆಲಿಕಾಪ್ಟರ್ ಕೂಡ ಹೊರತಲ್ಲ. ಅದಕ್ಕೇ ಬ್ಲೇಡಿಗೆ, ಬ್ಲೇಡು ಹಿಡಿದಿರುವ ಹಬ್ಬಿಗೆ, ಗೇರ್‌ಬಾಕ್ಸಿಗೆ ಇಂತಿಷ್ಟು ಗಂಟೆ ಎಂಬ ಆಯುಷ್ಯ ಬರೆದಿಟ್ಟಿರುತ್ತಾರೆ. ಗಂಟೆ ಮುಗಿದರೆ ಭಾಗ ಎಷ್ಟೇ ಫಳಫಳ ಹೊಳೆಯುತ್ತಿರಲಿ, ಬಿಚ್ಚಲೇಬೇಕು.

ಆ ಗಂಟೆಗಳ ಲೆಕ್ಕ ಇರುವುದು ಲಾಗ್ ಕಾರ್ಡಿನಲ್ಲಿ. ಮುಖ್ಯ ಭಾಗಗಳಿಗೆಲ್ಲ ಒಂದೊಂದು ಕಾರ್ಡು. ಭಾಗದ ಸಂಖ್ಯೆ, ಅದರ ಸ್ವಂತ ಸರಣಿ ಸಂಖ್ಯೆ, ತಯಾರಾದ ದಿನ, ಯಾವ ಹೆಲಿಕಾಪ್ಟರಿಗೆ ಯಾವತ್ತು ಕೂರಿಸಿದರು, ಎಷ್ಟು ಗಂಟೆ ಹಾರಿ ಬಿಚ್ಚಿದರು, ಯಾಕೆ ಬಿಚ್ಚಿದರು, ಸಹಿ ಯಾರದು. ಬ್ಲೇಡು ಒಂದು ಹೆಲಿಕಾಪ್ಟರಿನಿಂದ ಇನ್ನೊಂದಕ್ಕೆ ಹೋದರೆ ಕಾರ್ಡೂ ಹಿಂದೆಯೇ ಹೋಗಬೇಕು. ಕಾರ್ಡು ಕಳೆದ ಬ್ಲೇಡು ಎಷ್ಟು ಚೆನ್ನಾಗಿದ್ದರೂ ಗುಜರಿ. ಯಾಕೆಂದರೆ ಅದರೊಳಗೆ ಎಷ್ಟು ಕೋಟಿ ಬಾಗುವಿಕೆ ಅಡಗಿದೆಯೋ ಹೊರಗಿನಿಂದ ಯಾರಿಗೂ ತಿಳಿಯದು. ವಿಮಾನದ ಭಾಗಗಳ ಕಳ್ಳಮಾರುಕಟ್ಟೆಯಲ್ಲಿ ಲೋಹಕ್ಕಿಂತ ಸುಳ್ಳು ಕಾಗದಕ್ಕೇ ಬೆಲೆ ಹೆಚ್ಚು ಎನ್ನುವುದು ಸುಮ್ಮನೆ ಅಲ್ಲ.

ಇನ್ನು ರಬ್ಬರಿನ ಸೀಲು, ಹೋಸುಗಳದ್ದು ಬೇರೆಯೇ ಪಾಡು. ಅವುಗಳಿಗೆ ಹಾರಾಟದ ಗಂಟೆ ಅಲ್ಲ, ಕ್ಯಾಲೆಂಡರ್ ಮುಖ್ಯ. ಉಗ್ರಾಣದ ಕಪಾಟಿನಲ್ಲಿ ಸುಮ್ಮನೆ ಕೂತರೂ ವಯಸ್ಸಾಗುತ್ತದೆ. ಮುಂದೆ ಸಿಗಲಿಕ್ಕಿಲ್ಲವೆಂದು ಹತ್ತು ವರ್ಷಕ್ಕಾಗುವಷ್ಟು ಒಮ್ಮೆಗೇ ಕೊಂಡಿಟ್ಟರೆ ಅರ್ಧದಷ್ಟು ಬಳಸುವ ಮೊದಲೇ ಅವಧಿ ಮುಗಿಯುತ್ತದೆ. ಕಡಿಮೆ ಕೊಂಡರೆ ಬೇಕಾದ ದಿನ ಸಿಗುವುದಿಲ್ಲ. ಒಂದು ಸೀಲಿಗಾಗಿ ಹೆಲಿಕಾಪ್ಟರ್ ನೆಲ ಹಿಡಿದು ಕೂರುವುದಕ್ಕೆ ಈ ಉದ್ಯಮದಲ್ಲಿ ಎಒಜಿ, ಅಂದರೆ ಏರ್‌ಕ್ರಾಫ್ಟ್ ಆನ್ ಗ್ರೌಂಡ್ ಎನ್ನುತ್ತಾರೆ.

ಚೀತಾದ ರೋಟರನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೂರು ಬ್ಲೇಡುಗಳನ್ನು ಒಂದಕ್ಕೊಂದು ಜೋಡಿಸಿದ ತೆಳು ಕೇಬಲ್‌ಗಳು ಕಾಣುತ್ತವೆ. ಬ್ಲೇಡುಗಳ ನಡುವಿನ ಅಂತರ ಹೆಚ್ಚುಕಡಿಮೆ ಆಗದಂತೆ ಕಾಯುವುದು ಅವುಗಳ ಕೆಲಸ. ಪಕ್ಕದಲ್ಲಿ ಪುಟ್ಟ ಡ್ಯಾಂಪರುಗಳು, ಬ್ಲೇಡು ಹಿಂದೆ ಮುಂದೆ ಜಗ್ಗುವುದನ್ನು ಹೀರಿಕೊಳ್ಳಲು. ಇವತ್ತಿನ ಹಲವು ಹೆಲಿಕಾಪ್ಟರುಗಳಲ್ಲಿ ಇಂಥ ಕೆಲಸವನ್ನು ರಬ್ಬರು ಮತ್ತು ಸಂಯುಕ್ತ ವಸ್ತುಗಳ ಒಂದೇ ಗಟ್ಟಿ ಜೋಡಣೆ ನಿಭಾಯಿಸುತ್ತದೆ. ಚೀತಾದಲ್ಲಿ ಇದಕ್ಕೆಲ್ಲ ಎಣ್ಣೆ, ಗ್ರೀಸು, ಕೀಲು, ಬೇರಿಂಗು. ಹಳೆಯ ವಿನ್ಯಾಸದ ಗುಣವೂ ಇದೇ, ಗ್ರಹಚಾರವೂ ಇದೇ. ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಬಯಲಿನಲ್ಲೇ ಬಿಚ್ಚಿ ಕಟ್ಟಬಹುದು. ಆದರೆ ಬಿಚ್ಚಿ ಕಟ್ಟಬೇಕಾದ ಜಾಗಗಳು ಮುಗಿಯುವುದೇ ಇಲ್ಲ.

ಭಾಗಗಳನ್ನು ಮಾಡಿಕೊಡುವವರು ಯಾರು? ಫ್ರಾನ್ಸಿನಲ್ಲಿ ಲಾಮಾ ತಯಾರಿಕೆ ನಿಂತು ದಶಕಗಳಾದವು. ಕಂಪನಿಯ ಹೆಸರೇ ಎಷ್ಟು ಸಲ ಬದಲಾಯಿತು ನೋಡಿ: ಸುಡ್ ಏವಿಯೇಷನ್ ಹೋಗಿ ಏರೋಸ್ಪೇಷಿಯಲ್, ಆಮೇಲೆ ಯೂರೋಕಾಪ್ಟರ್, ಈಗ ಏರ್‌ಬಸ್ ಹೆಲಿಕಾಪ್ಟರ್ಸ್. ಎಂಜಿನ್ ಮಾಡಿದ ಟರ್ಬೋಮೆಕಾ ಕೂಡ ಸಫ್ರಾನ್ ಆಯಿತು. ಹೀಗಾಗಿ ಭಾರ ಬಿದ್ದದ್ದು ಎಚ್‌ಎಎಲ್ ಮೇಲೆ. ಎಂಜಿನ್ನು, ಒಡಲು ಎರಡನ್ನೂ ಅದು ಬೆಂಗಳೂರಿನಲ್ಲೇ ತಯಾರಿಸಿದೆ. ಕೋಲ್ಕತ್ತಾ ಬಳಿಯ ಬ್ಯಾರಕ್‌ಪುರದಲ್ಲಿ ಹಳೆಯ ಚೀತಾ, ಚೇತಕ್‌ಗಳನ್ನು ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡುತ್ತದೆ. ಪೀಣ್ಯದಂಥ ಕಡೆಯ ಸಣ್ಣ ಕಾರ್ಖಾನೆಗಳು ಎಚ್‌ಎಎಲ್‌ಗೆ ಬಿಡಿಭಾಗ ಮಾಡಿಕೊಡುತ್ತಾ ಎರಡು ಮೂರು ತಲೆಮಾರು ಕಂಡಿವೆ.

ಸಿಎನ್‌ಸಿ ಯಂತ್ರ ಇದ್ದರೆ ಯಾವ ಭಾಗ ಬೇಕಾದರೂ ಕಡೆಯಬಹುದು ಎಂದುಕೊಳ್ಳುತ್ತೇವೆ. ತೊಡಕು ಇರುವುದು ಆಕಾರದಲ್ಲಿ ಅಲ್ಲ. ಮೂಲ ನಕ್ಷೆ ಕೇಳುವುದು ಅರ್ಧ ಶತಮಾನದ ಹಿಂದಿನ ಮಿಶ್ರಲೋಹವನ್ನು. ಅದನ್ನು ಈಗ ಯಾವ ಗಿರಣಿಯೂ ಎರಕ ಹೊಯ್ಯುವುದಿಲ್ಲ. ನಮಗೆ ಬೇಕಾದದ್ದು ಐವತ್ತೋ ನೂರೋ ಕಿಲೊ, ಅವರು ಒಪ್ಪುವುದು ಟನ್‌ಗಟ್ಟಲೆ ಆರ್ಡರಿಗೆ. ಬದಲಿ ಲೋಹ ಹುಡುಕಿದರೆ ಅದೂ ಅಷ್ಟೇ ಕೋಟಿ ಬಾಗುವಿಕೆ ತಾಳುತ್ತದೆಂದು ಪರೀಕ್ಷೆಯಲ್ಲಿ ತೋರಿಸಬೇಕು. ಅದನ್ನು ಒಪ್ಪಬೇಕಾದದ್ದು ಸೇನಾ ವಿಮಾನಗಳ ಯೋಗ್ಯತೆಗೆ ಮುದ್ರೆ ಒತ್ತುವ ಸೆಮಿಲಾಕ್. ಅದೂ ಬೆಂಗಳೂರಿನದೇ. ಒಂದು ಬೋಲ್ಟಿನ ಬೆಲೆ ಕೇಳಿ ಜನ ಹೌಹಾರುತ್ತಾರೆ. ಅದರಲ್ಲಿ ಉಕ್ಕಿನ ಪಾಲು ಅತ್ಯಲ್ಪ, ಉಳಿದದ್ದೆಲ್ಲ ಪರೀಕ್ಷೆ ಮತ್ತು ಕಾಗದದ್ದು. ದುಬಾರಿ ಎಂದು ಬೈಯುವುದು ಸುಲಭ. ಆ ಕಾಗದವಿಲ್ಲದ ಬೋಲ್ಟು ಹಾಕಿಕೊಂಡು ಸಿಯಾಚಿನ್‌ಗೆ ಹಾರಿ ಎಂದರೆ ಯಾರು ಹಾರುತ್ತಾರೆ?

ಭಾಗ ಸಿಗದಿದ್ದಾಗ ಜಗತ್ತಿನ ಎಲ್ಲ ಸೇನೆಗಳೂ ಮಾಡುವ ಕೆಲಸವೊಂದಿದೆ. ಶೆಡ್ಡಿನಲ್ಲಿ ನಿಂತ ಒಂದು ಹೆಲಿಕಾಪ್ಟರಿನಿಂದ ಕಿತ್ತು ಇನ್ನೊಂದಕ್ಕೆ ಹಾಕುವುದು. ಆ ದಿನದ ಕೆಲಸ ಆಗುತ್ತದೆ. ಆದರೆ ಒಂದು ಭಾಗಕ್ಕೆ ಎರಡು ಸಲ ಬಿಚ್ಚುವ, ಎರಡು ಸಲ ಕೂರಿಸುವ ಶ್ರಮ, ಪ್ರತಿ ಸಲವೂ ತಪ್ಪಾಗುವ ಅವಕಾಶ. ಅಮೆರಿಕ ಸೇನೆ ತನ್ನ ವೀಕ್ಷಣಾ ಹೆಲಿಕಾಪ್ಟರ್ ಕಯೋವಾ ವಾರಿಯರ್‌ಗೆ 2017ರಲ್ಲಿ ವಿದಾಯ ಹೇಳಿ, ಆಮೇಲೆ ಗ್ರೀಸ್‌ಗೆ 70 ಕೊಟ್ಟಿತು. ಅದರಲ್ಲಿ ಹಾರಿಸಲು 36, ತರಬೇತಿಗೆ 24, ಬಿಡಿಭಾಗ ಕಿತ್ತುಕೊಳ್ಳಲೆಂದೇ 10. ಗ್ರೀಕರ ಈ ಲೆಕ್ಕಾಚಾರ ನನಗೆ ಇಷ್ಟವಾಯಿತು. ಮುಚ್ಚುಮರೆ ಇಲ್ಲ.

ಸಿಯಾಚಿನ್‌ಗೆ ಮರಳೋಣ. 1978ರ ಅಕ್ಟೋಬರಿನಲ್ಲಿ ಹಿಮನದಿಯ ಮೇಲೆ ಮೊದಲು ಇಳಿದದ್ದು ವಾಯುಪಡೆಯ ಚೇತಕ್. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾದಾಗ ಸೈನಿಕರನ್ನು ಬಿಲಾಫೊಂಡ್ ಲಾ ಕಣಿವೆಯ ನೆತ್ತಿಗೆ ಹೊತ್ತೊಯ್ದವು ಚೀತಾಗಳು. ಅಂದಿನಿಂದ ಆ ಸಾಗಾಟ ನಿಂತಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಗುಂಜನ್ ಸಕ್ಸೇನಾ ಹಾರಿಸಿದ್ದೂ ಚೀತಾವನ್ನೇ.

ಆ ಎತ್ತರದಲ್ಲಿ ಹೆಲಿಕಾಪ್ಟರ್ ಕೆಟ್ಟು ನಿಂತರೆ? 2018ರ ಜನವರಿಯಲ್ಲಿ ಅದೂ ಆಯಿತು. ಚೀತಾ ಅಲ್ಲ, ಅದಕ್ಕಿಂತ ದೊಡ್ಡದಾದ ಧ್ರುವ ಹೆಲಿಕಾಪ್ಟರ್ ಖಂಡಾ ಎಂಬ ಠಾಣೆಯ ಬಳಿ, 18 ಸಾವಿರ ಅಡಿ ಎತ್ತರದಲ್ಲಿ ಹಿಮದಲ್ಲಿ ಸಿಕ್ಕಿಕೊಂಡಿತು. ಎಳೆದು ತರಲು ರಸ್ತೆಯಿಲ್ಲ, ಎತ್ತಿ ತರುವಷ್ಟು ಬಲದ ಬೇರೆ ಹೆಲಿಕಾಪ್ಟರ್ ಆ ಎತ್ತರದಲ್ಲಿ ಇಲ್ಲ. ತಿಂಗಳುಗಟ್ಟಲೆ ಅದು ಹಿಮದಲ್ಲೇ ಇತ್ತು. ಕೊನೆಗೆ ಸೇನೆಯ ತಂತ್ರಜ್ಞರು ಮೇಲೆ ಹೋಗಿ ಹಿಮ ಬಿಡಿಸಿ, ಕೆಟ್ಟ ಭಾಗಗಳನ್ನು ಅಲ್ಲೇ ಬದಲಿಸಿ, ಜುಲೈನಲ್ಲಿ ಎಂಜಿನ್ ಚಾಲೂ ಮಾಡಿದರು. ಪೈಲಟ್‌ಗಳು ಅದನ್ನು ಹಾರಿಸಿಕೊಂಡೇ ಕೆಳಗೆ ಬಂದರು. ಆ ಚಳಿಯಲ್ಲಿ ದಪ್ಪ ಗ್ಲೌಸು ಹಾಕಿಕೊಂಡರೆ ನಟ್ಟು ಹಿಡಿಯಲಾಗುವುದಿಲ್ಲ. ಬಿಚ್ಚಿದರೆ ಬೆರಳಿನ ಚರ್ಮ ಲೋಹಕ್ಕೆ ಅಂಟುತ್ತದೆ. ಪದಕ ಕೊಡುವಾಗ ಮೊದಲು ನೆನೆಯಬೇಕಾದವರು ಇಂಥ ಮೆಕ್ಯಾನಿಕ್‌ಗಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮವರಿಗೆ ಸಿಯಾಚಿನ್ ಹತ್ತಿರವಾದದ್ದು 2016ರಲ್ಲಿ. ಫೆಬ್ರವರಿ 3ರಂದು ಸೋನಂ ಠಾಣೆಯ ಮೇಲೆ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆ ಠಾಣೆ ಇರುವುದು 19,600 ಅಡಿ ಎತ್ತರದಲ್ಲಿ. ಕಲ್ಲಿನಂತೆ ಗಟ್ಟಿಯಾದ ಹಿಮ ಕೊರೆಯುವ ಸಲಕರಣೆಗಳು ಹೆಲಿಕಾಪ್ಟರುಗಳಲ್ಲೇ ಮೇಲೆ ಹೋಗಬೇಕಾಯಿತು. ಆರು ದಿನದ ಮೇಲೆ, 25 ಅಡಿಗೂ ಹೆಚ್ಚು ಆಳದಲ್ಲಿ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಹೆಲಿಕಾಪ್ಟರಿನಲ್ಲಿ ಅವರನ್ನು ಹಿಮನದಿಯಿಂದ ಇಳಿಸಿ, ಅಲ್ಲಿಂದ ದಿಲ್ಲಿಗೆ ಕರೆದೊಯ್ದರು. ಫೆಬ್ರವರಿ 11ರಂದು ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಇಡೀ ನಾಡು ಅತ್ತಿತು. ಆ ಎತ್ತರದಿಂದ ಅಂಥ ಸ್ಥಿತಿಯ ಮನುಷ್ಯನನ್ನು ಬೇಗ ಕೆಳಗೆ ತರಲು ಹೆಲಿಕಾಪ್ಟರ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಈಗಲೂ ಇಲ್ಲ.

ಇಷ್ಟು ಅನಿವಾರ್ಯವಾದ ಕೆಲಸಕ್ಕೆ ಹಳೆಯ ಚೀತಾಗಳ ಬದಲು ಹೊಸದನ್ನು ತರಲು ನಾವು ಏನು ಮಾಡಿದೆವು ಎಂದು ನೋಡಿದರೆ ಸಿಟ್ಟು ಬರುತ್ತದೆ. ಈ ಶತಮಾನದ ಆರಂಭದಲ್ಲೇ 197 ಹೊಸ ಹೆಲಿಕಾಪ್ಟರುಗಳಿಗೆ ಟೆಂಡರ್ ಕರೆದರು. ಯೂರೋಕಾಪ್ಟರಿನ ಫೆನೆಕ್ ಬಹುತೇಕ ಆಯ್ಕೆಯಾಗಿತ್ತು. 2007ರ ಡಿಸೆಂಬರಿನಲ್ಲಿ ರದ್ದು. 2008ರಲ್ಲಿ ಮತ್ತೆ ಟೆಂಡರ್, ವರ್ಷಗಟ್ಟಲೆ ಪರೀಕ್ಷೆ. 2014ರ ಆಗಸ್ಟಿನಲ್ಲಿ ಅದೂ ರದ್ದು. 2015ರ ಡಿಸೆಂಬರಿನಲ್ಲಿ ರಷ್ಯದ ಜೊತೆ ಕಾಮೊವ್-226ಟಿ ಹೆಲಿಕಾಪ್ಟರುಗಳನ್ನು ಇಲ್ಲೇ ಮಾಡುವ ಒಪ್ಪಂದವಾಯಿತು. ಒಟ್ಟು ಇನ್ನೂರು. ಒಂದೂ ಬರಲಿಲ್ಲ. ಅದೇ 2015ರಲ್ಲಿ ಸೇನಾಧಿಕಾರಿಗಳ ಪತ್ನಿಯರು ಚೀತಾ, ಚೇತಕ್‌ಗಳನ್ನು ಹಿಂಪಡೆಯಿರಿ ಎಂದು ಆಗಿನ ರಕ್ಷಣಾ ಸಚಿವ ಮನೋಹರ ಪರ್ರೀಕರ್ ಅವರಿಗೆ ಮನವಿ ಕೊಟ್ಟರು. 2022ರ ಅಕ್ಟೋಬರಿನಲ್ಲಿ ತವಾಂಗ್ ಬಳಿ ಒಂದು ಚೀತಾ ಬಿತ್ತು. 2023ರ ಮಾರ್ಚಿನಲ್ಲಿ ಅರುಣಾಚಲದಲ್ಲೇ ಬೊಮ್‌ಡಿಲಾ ಕಡೆ ಇನ್ನೊಂದು. ಎಲ್ಲ ಅಪಘಾತಕ್ಕೂ ಹಳೆಯ ಯಂತ್ರವೇ ಕಾರಣ ಎನ್ನುವುದು ತಪ್ಪು. ಮಂಜು, ಮೋಡ, ಕಣಿವೆಯ ಗಾಳಿ ಎಲ್ಲವೂ ಇವೆ. ಆದರೆ ಆಟೋಪೈಲಟ್ಟೂ ಇಲ್ಲದ, ಹವಾಮಾನ ನೋಡುವ ರೇಡಾರೂ ಇಲ್ಲದ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕರೆ ಪೈಲಟ್ಟಿಗೆ ನೆರವಾಗುವುದು ಏನೂ ಇರುವುದಿಲ್ಲ ಎಂಬುದೂ ನಿಜ.

ನಡುವೆ ಎಚ್‌ಎಎಲ್ ಒಂದು ಜಾಣ ಕೆಲಸ ಮಾಡಿತು. ಚೀತಾದ ಆರ್ಟೂಸ್ಟ್ ತೆಗೆದು ಟಿಎಂ-333 ಎಂಜಿನ್ ಕೂರಿಸಿ ಚೀತಲ್ ಮಾಡಿತು. ಆರಂಭದ ಧ್ರುವಗಳಲ್ಲಿದ್ದದ್ದೂ ಅದೇ ಕುಟುಂಬದ ಎಂಜಿನ್. ಒಂದೇ ಉಗ್ರಾಣ, ಒಂದೇ ತರಬೇತಿ ಎರಡಕ್ಕೂ ಒದಗುತ್ತದೆ. ಬಿಡಿಭಾಗದ ಕಣ್ಣಿನಿಂದ ನೋಡುವವರು ತೆಗೆದುಕೊಳ್ಳುವ ತೀರ್ಮಾನ ಇಂಥದ್ದು.

ಅದೇ ಜಾಣತನ ಈಗಿನ ಲಘು ಬಳಕೆ ಹೆಲಿಕಾಪ್ಟರಿನಲ್ಲೂ ಇದೆ. ಎಲ್‌ಯುಎಚ್ ಎಂದು ಕರೆಯುವ ಇದು ಮೊದಲು ಹಾರಿದ್ದು 2016ರ ಸೆಪ್ಟೆಂಬರ್ 6ರಂದು, ಬೆಂಗಳೂರಿನಲ್ಲಿ. ಎಚ್‌ಎಎಲ್ ಮತ್ತು ಟರ್ಬೋಮೆಕಾ ಕೂಡಿ ಬೆಳೆಸಿದ ಶಕ್ತಿ ಕುಟುಂಬದ ಎಂಜಿನ್ ಇದರದ್ದು. ಧ್ರುವದ ಹೊಸ ಮಾದರಿಗಳಲ್ಲಿ, ರುದ್ರ, ಪ್ರಚಂಡ ಹೆಲಿಕಾಪ್ಟರುಗಳಲ್ಲಿ ಇರುವುದೂ ಅದೇ ಕುಟುಂಬದ್ದು. ಇದನ್ನು ತಯಾರಿಸಲು ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ 615 ಎಕರೆಯ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ವರ್ಷಕ್ಕೆ ಮೊದಲು 30, ಆಮೇಲೆ 60, 90ರವರೆಗೆ ಏರಿಸುವ ಗುರಿ ಹೇಳಿದರು. 2025ರ ಆಗಸ್ಟಿನಲ್ಲಿ ರಕ್ಷಣಾ ಸಚಿವಾಲಯ ಸೇನೆಗೆ 120, ವಾಯುಪಡೆಗೆ 80, ಹೀಗೆ ಇನ್ನೂರು ವೀಕ್ಷಣಾ ಹೆಲಿಕಾಪ್ಟರುಗಳಿಗಾಗಿ ತಯಾರಕರಿಂದ ಮತ್ತೆ ಮಾಹಿತಿ ಕೇಳಿದೆ.

ಹೊಸದಾದ ಮಾತ್ರಕ್ಕೆ ಬಿಡಿಭಾಗದ ಚಿಂತೆ ತಪ್ಪುವುದಿಲ್ಲ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ ಬಿದ್ದಾಗ ತನಿಖೆಯ ಬೆರಳು ತೋರಿದ್ದು ರೋಟರಿಗೆ ಪೈಲಟ್ಟಿನ ಆಜ್ಞೆ ಮುಟ್ಟಿಸುವ ಸ್ವಾಶ್‌ಪ್ಲೇಟಿನ ಕಡೆಗೆ. ಒಂದು ಭಾಗದ ಬಿರುಕಿಗೆ ದೇಶದ ಮುನ್ನೂರಕ್ಕೂ ಹೆಚ್ಚು ಧ್ರುವಗಳು ತಿಂಗಳುಗಟ್ಟಲೆ ನೆಲದಲ್ಲಿ ನಿಂತವು. ಆ ದಿನಗಳಲ್ಲಿ ಗಡಿಯ ಹಗುರ ಕೆಲಸದ ಹೊರೆ ಮತ್ತೆ ಮುದಿ ಚೀತಾ, ಚೇತಕ್‌ಗಳ ಹೆಗಲಿಗೇ ಬಿತ್ತು.

ಗುಬ್ಬಿಯಿಂದ ಮೊದಲ ಹೆಲಿಕಾಪ್ಟರುಗಳು ಹೊರಡುವ ದಿನ ಹಾರ, ಬ್ಯಾಂಡು, ಫೋಟೊ ಎಲ್ಲ ಇರುತ್ತದೆ. ಎಷ್ಟು ಹೆಲಿಕಾಪ್ಟರ್ ಕೊಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ. ಲೇಹ್‌ನ ಉಗ್ರಾಣದಲ್ಲಿ ಅವುಗಳಿಗೆ ಎಷ್ಟು ಗೇರ್‌ಬಾಕ್ಸು, ಎಷ್ಟು ಜೊತೆ ಬ್ಲೇಡು ಇಟ್ಟಿದ್ದೀರಿ ಎಂಬುದನ್ನೂ ಸಂಸತ್ತಿನಲ್ಲಿ ಯಾರಾದರೂ ಕೇಳಬೇಕು. ನಮ್ಮ ಸಂಸದರೇ ಕೇಳಿದರೆ ಇನ್ನೂ ಒಳ್ಳೆಯದು, ಕಾರ್ಖಾನೆ ಇರುವುದು ನಮ್ಮ ಜಿಲ್ಲೆಯಲ್ಲಿ.